ಪೆನ್ ಡ್ರೈವ್ ತಗೋತಿಲ್ಲವೇ? ಫಾರ್ಮ್ಯಾಟ್ ಒತ್ತುವ ಮುನ್ನ ಇಷ್ಟು ನೋಡಿ

"ಅಣ್ಣಾ, ಪೆನ್ ಡ್ರೈವ್ ತಗೋತಾ ಇಲ್ಲ, ಒಂಚೂರು ನೋಡಣ್ಣಾ."

ಗೌನಿಪಲ್ಲಿಯ ಜೆರಾಕ್ಸ್ ಅಂಗಡಿಗಳ ಮುಂದೆ ಈ ಮಾತು ಕನ್ನಡದಲ್ಲೂ ಕೇಳುತ್ತದೆ, ತೆಲುಗಿನಲ್ಲೂ ಕೇಳುತ್ತದೆ. ಶ್ರೀನಿವಾಸಪುರ ತಾಲ್ಲೂಕಿನ ಈ ಊರು ಆಂಧ್ರದ ಗಡಿಗೆ ಹತ್ತಿರ. ಕೇಳುವವರ ಕೈಯಲ್ಲಿರುವುದು ಹೆಬ್ಬೆರಳಿನಷ್ಟು ಉದ್ದದ ವಸ್ತು. ಅದರೊಳಗೆ ಪಹಣಿ ಮತ್ತು ಮೋಜಣಿ ನಕ್ಷೆಯ ಸ್ಕ್ಯಾನ್ ಇರಬಹುದು, ಮಗಳ ಅಂಕಪಟ್ಟಿಗಳಿರಬಹುದು, ಮಾವಿನ ಸುಗ್ಗಿಯ ಲೆಕ್ಕ ಇರಬಹುದು, ಮದುವೆಯ ವಿಡಿಯೊ ಇರಬಹುದು. ಇಲ್ಲವೇ ಭಜನೆ ತಂಡದ ಹಿರಿಯರೊಬ್ಬರು ಹಾಡಿದ ಕೈವಾರ ತಾತಯ್ಯನವರ ತತ್ವಪದಗಳಿರಬಹುದು. ಹಾಡಿದವರು ತೀರಿಕೊಂಡಿದ್ದರೆ ಆ ದನಿಯನ್ನು ಮತ್ತೆ ಎಲ್ಲಿಂದ ತರುವುದು?

ಪೆನ್ ಡ್ರೈವಿನ ಬೆಲೆ ಕೆಲವು ನೂರು ರೂಪಾಯಿ, ಒಳಗಿರುವುದಕ್ಕೆ ಬೆಲೆ ಕಟ್ಟಲಾಗದು. ಹೀಗಿದ್ದೂ ನಮ್ಮಲ್ಲಿ ಬಹುಪಾಲು ಜನ ಮೊದಲು ಮಾಡುವ ಕೆಲಸ, ಪರದೆಯ ಮೇಲೆ ಬಂದ 'ಫಾರ್ಮ್ಯಾಟ್ ಡಿಸ್ಕ್' ಎಂಬ ಗುಂಡಿಯನ್ನು ಒತ್ತುವುದು. ಡ್ರೈವ್ ಉಳಿಯುತ್ತದೆ, ಒಳಗಿನದು ಹೋಗುತ್ತದೆ. ಈ ಲೇಖನದ ಉದ್ದೇಶ ಅದನ್ನು ತಪ್ಪಿಸುವುದು. ಕೆಲಸ ಎಲ್ಲಿ ನಿಂತಿದೆ ಎಂದು ಮೊದಲು ಕಂಡುಕೊಳ್ಳಬೇಕು, ಒಳಗಿನ ಫೈಲುಗಳನ್ನು ಬೇರೆಡೆಗೆ ಸಾಗಿಸಬೇಕು, ಡ್ರೈವನ್ನು ಸರಿಪಡಿಸುವ ಯೋಚನೆ ಆಮೇಲೆ. ದೊಡ್ಡ ರಿಪೇರಿಗೆ ಶ್ರೀನಿವಾಸಪುರಕ್ಕೋ ಚಿಂತಾಮಣಿಗೋ ಮದನಪಲ್ಲಿಗೋ ಬಸ್ಸು ಹತ್ತಬೇಕಾದ ಊರಿನವರು, ಹತ್ತುವ ಮುಂಚೆ ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆಗಳು ಸಾಕಷ್ಟಿವೆ.

ಒಳಗೆ ನಡೆಯುವ ಮಾತುಕತೆ

ಯುಎಸ್‌ಬಿ ಹುಟ್ಟಿದ್ದು 1996ರಲ್ಲಿ. ಅದಕ್ಕೂ ಮುಂಚೆ ಪ್ರಿಂಟರಿಗೊಂದು, ಮೌಸಿಗೊಂದು, ಕೀಬೋರ್ಡಿಗೊಂದು ಎಂದು ಕಂಪ್ಯೂಟರಿನ ಹಿಂದೆ ಬಗೆಬಗೆಯ ಕಿಂಡಿಗಳಿದ್ದವು. ಎಲ್ಲಕ್ಕೂ ಒಂದೇ ಕಿಂಡಿ ಸಾಕು ಎಂದು ಇಂಟೆಲ್ ಕಂಪನಿಯಲ್ಲಿ ಆ ಕೆಲಸಕ್ಕೆ ಮುಂದಾಳಾದವರಲ್ಲಿ ಗುಜರಾತ್ ಮೂಲದ ಅಜಯ್ ಭಟ್ ಪ್ರಮುಖರು. 2000ದಲ್ಲಿ ಎರಡನೆಯ ಆವೃತ್ತಿ ಬಂತು, 2008ರಲ್ಲಿ ಮೂರನೆಯದು. ಮೊದಲ ಪೆನ್ ಡ್ರೈವ್‌ಗಳು ಮಾರುಕಟ್ಟೆ ಕಂಡದ್ದೂ 2000ದಲ್ಲೇ. ಆಗ 8 ಎಂಬಿ ಹಿಡಿದರೆ ಅದೇ ಹೆಚ್ಚು.

ಹಳೆಯ ನಮೂನೆಯ ಚಪ್ಪಟೆ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಪ್ಲಾಸ್ಟಿಕ್ಕಿನ ನಾಲಿಗೆಯ ಮೇಲೆ ನಾಲ್ಕು ಲೋಹದ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ವಿದ್ಯುತ್ತಿಗೆ, ನಡುವಿನ ಎರಡು ಮಾಹಿತಿಗೆ. ಡ್ರೈವಿನ ತುದಿಯಲ್ಲೂ ಹೀಗೇ ನಾಲ್ಕು ಪಟ್ಟಿಗಳಿವೆ, ಅವುಗಳಲ್ಲಿ ವಿದ್ಯುತ್ತಿನವು ಸ್ವಲ್ಪ ಉದ್ದ. ಡ್ರೈವ್ ಒಳಗೆ ಹೋಗುವಾಗ ಮೊದಲು 5 ವೋಲ್ಟ್ ಮುಟ್ಟಲಿ, ಮಾತು ಆಮೇಲೆ ಶುರುವಾಗಲಿ ಎಂಬುದು ಅದರ ಹಿಂದಿನ ಲೆಕ್ಕ. ವಿದ್ಯುತ್ ಸಿಕ್ಕ ಡ್ರೈವ್ ಮಾಹಿತಿಯ ತಂತಿಗಳಲ್ಲಿ ಒಂದನ್ನು ಸಣ್ಣ ರೆಸಿಸ್ಟರಿನ ಮೂಲಕ ಮೇಲಕ್ಕೆಳೆದು 'ನಾನು ಬಂದಿದ್ದೇನೆ' ಎಂದು ತಿಳಿಸುತ್ತದೆ. ಕಂಪ್ಯೂಟರ್ ಅದಕ್ಕೊಂದು ನಂಬರ್ ಕೊಟ್ಟು, 'ನೀನು ಯಾರು, ಯಾವ ಕಂಪನಿ, ಏನು ಕೆಲಸ' ಎಂದು ಕೇಳುತ್ತದೆ. ಉತ್ತರ ಸರಿಯಾಗಿ ಬಂದರೆ ಅದಕ್ಕೆ ತಕ್ಕ ಡ್ರೈವರ್ ಸಾಫ್ಟ್‌ವೇರ್ ಎದ್ದು ಕೂರುತ್ತದೆ. ಡ್ರೈವಿನಲ್ಲಿರುವ ವಿಭಾಗ ಯಾವುದು, ಫೈಲುಗಳನ್ನು ಜೋಡಿಸಿರುವ ಕ್ರಮ ಯಾವುದು ಎಂದು ಓದಿ, ಕೊನೆಗೆ ಇ ಎಂದೋ ಎಫ್ ಎಂದೋ ಒಂದು ಅಕ್ಷರ ಕೊಡುತ್ತದೆ. ಆಗಷ್ಟೇ ನಮ್ಮ ಕಣ್ಣಿಗೆ ಅದು ಕಾಣುವುದು.

ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: ತಗೋತಾ ಇಲ್ಲ. ಬೋರ್‌ವೆಲ್ಲಿನಲ್ಲಿ ನೀರು ಬರದಿದ್ದರೆ ಕೋಲಾರ ಸೀಮೆಯ ರೈತ ನೀರು ಬತ್ತಿತು ಎಂದು ತಕ್ಷಣ ತೀರ್ಮಾನಿಸುವುದಿಲ್ಲ. ಫೇಸ್ ಬಂದಿದೆಯೇ, ಸ್ಟಾರ್ಟರ್ ಹಿಡಿದಿದೆಯೇ, ಕೇಬಲ್ ಸುಟ್ಟಿದೆಯೇ, ಪೈಪು ಒಡೆದಿದೆಯೇ ಎಂದು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡುತ್ತಾನೆ. ಇಲ್ಲೂ ಬೇಕಾದದ್ದು ಆ ಕ್ರಮವೇ.

ಅದಲುಬದಲು ಮಾಡಿ ನೋಡಿ

ಎಲ್ಲಕ್ಕಿಂತ ಮೊದಲಿನ ಪರೀಕ್ಷೆಗೆ ಖರ್ಚಿಲ್ಲ, ಜ್ಞಾನವೂ ಹೆಚ್ಚು ಬೇಡ. ತಗೊಳ್ಳದ ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ. ತಗೊಳ್ಳದ ಪೋರ್ಟಿಗೆ, ಅಂದರೆ ಕಿಂಡಿಗೆ, ಸರಿಯಾಗಿರುವುದು ಖಚಿತವಾದ ಇನ್ನೊಂದು ವಸ್ತುವನ್ನು ಹಾಕಿ, ಮೌಸ್ ಆದರೂ ಸಾಕು. ಡ್ರೈವ್ ಎಲ್ಲ ಕಡೆಯೂ ಸುಮ್ಮನಿದ್ದರೆ ದೋಷ ಡ್ರೈವಿನದು. ಒಂದು ಪೋರ್ಟಿನಲ್ಲಿ ಮೌಸೂ ಓಡದಿದ್ದರೆ ದೋಷ ಆ ಪೋರ್ಟಿನದು. ಮೌಸ್ ಓಡುತ್ತದೆ, ಡ್ರೈವ್ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಆದರೆ ಇವೆರಡೂ ಸೇರಿದಾಗ ಮಾತ್ರ ತಕರಾರು ಎಂದಾದರೆ ಸಾಮಾನ್ಯವಾಗಿ ಕಾರಣ ವಿಂಡೋಸಿನೊಳಗೆ ಇರುತ್ತದೆ, ಇಲ್ಲವೇ ವಿದ್ಯುತ್ ಸಾಲುತ್ತಿಲ್ಲ.

ಬೇರೆ ಕಂಪ್ಯೂಟರಿನಲ್ಲಿ ತೆರೆದರೆ, ಪರೀಕ್ಷೆ ಮುಗಿಯಿತು ಎಂದು ತೆಗೆದುಬಿಡಬೇಡಿ. ಅಲ್ಲೇ, ಆಗಲೇ ಎಲ್ಲ ಫೈಲುಗಳನ್ನೂ ಕಾಪಿ ಮಾಡಿಕೊಳ್ಳಿ. ಒಮ್ಮೆ ತೆರೆದು ಇನ್ನೊಮ್ಮೆ ತೆರೆಯದ ಡ್ರೈವ್ ಮೂರನೆಯ ಸಲ ಎಲ್ಲೂ ತೆರೆಯದಿರಬಹುದು.

ಸದ್ದಿನ ಕಡೆಗೂ ಗಮನವಿರಲಿ. ಹಾಕಿದ ಕೂಡಲೇ ವಿಂಡೋಸಿನ ಎರಡು ಸ್ವರದ ಸದ್ದು ಬಂದರೆ ವಿದ್ಯುತ್ ಸಿಕ್ಕಿದೆ, ಮಾತುಕತೆ ಶುರುವಾಗಿದೆ, ಮುಂದಿನ ಹಂತದಲ್ಲಿ ಎಲ್ಲೋ ನಿಂತಿದೆ. ಸದ್ದಿಲ್ಲ, ಡ್ರೈವಿನ ಪುಟ್ಟ ದೀಪವೂ ಉರಿಯುತ್ತಿಲ್ಲ ಎಂದರೆ ಪಟ್ಟಿಗಳು ಪರಸ್ಪರ ಮುಟ್ಟುತ್ತಲೇ ಇಲ್ಲ ಅಥವಾ ಡ್ರೈವ್ ಸತ್ತಿದೆ. ಸ್ಪೀಕರ್ ಮ್ಯೂಟ್ ಆಗಿಲ್ಲವೇ ಎಂದು ನೋಡಿಕೊಂಡು ಈ ಪರೀಕ್ಷೆ ಮಾಡಿ.

ಧೂಳು, ಸಡಿಲ, ಮುಂದಿನ ಪೋರ್ಟು

ರಸ್ತೆ ಬದಿಯ ಅಂಗಡಿ, ಬಾಗಿಲು ಸದಾ ತೆರೆದಿರುತ್ತದೆ, ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು ಮೇಜಿನ ಮೇಲೆ ಪದರ ಕಟ್ಟುತ್ತದೆ. ಆ ಧೂಳು ಪೋರ್ಟಿನ ಪಟ್ಟಿಗಳ ಮೇಲೂ ಕೂರುತ್ತದೆ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಬ್ಲೋವರಿನಿಂದ ಸ್ವಲ್ಪ ದೂರದಿಂದ ಗಾಳಿ ಹಾಯಿಸಿ. ಅಂಟಿದ ಕೊಳೆಯಿದ್ದರೆ ಒಣಗಿದ ಮೆತ್ತನೆಯ ಬ್ರಷ್ ಸಾಕು. ಡ್ರೈವಿನ ಪಟ್ಟಿಗಳು ಕಪ್ಪಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಪಿನ್ನು, ಸೂಜಿ, ಹೇರ್‌ಪಿನ್ ಒಳಗೆ ತೂರಿಸುವುದು ಬೇಡವೇ ಬೇಡ. ಪಟ್ಟಿ ಬಾಗಿ ಎರಡು ಒಂದಕ್ಕೊಂದು ತಾಗಿದರೆ ಪೋರ್ಟಷ್ಟೇ ಅಲ್ಲ, ಮದರ್‌ಬೋರ್ಡೂ ಹೋಗಬಹುದು. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ಒಳಗೆ ಹೋಗುತ್ತದೆ.

ಡ್ರೈವ್ ಹಾಕಿದಾಗ ಮೇಲೆ ಕೆಳಗೆ ಆಡುತ್ತಿದ್ದರೆ, ಕೈಯಲ್ಲಿ ಒತ್ತಿ ಹಿಡಿದಾಗ ಮಾತ್ರ ತೆರೆಯುತ್ತಿದ್ದರೆ ಬೆಸುಗೆ ಬಿರುಕು ಬಿಟ್ಟಿದೆ. ಅದು ಡ್ರೈವಿನೊಳಗೂ ಆಗಿರಬಹುದು, ಪೋರ್ಟಿನ ಬುಡದಲ್ಲೂ ಆಗಿರಬಹುದು. ಲ್ಯಾಪ್‌ಟಾಪನ್ನು ಡ್ರೈವ್ ಸಮೇತ ಎತ್ತಿ ಒಯ್ಯುವಾಗ ಬಾಗಿಲಿಗೋ ಮೇಜಿಗೋ ತಾಗಿದಾಗ ಹೀಗಾಗುವುದು ಹೆಚ್ಚು. ಇದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ. ಸಣ್ಣ ಬೆಸುಗೆ ಕೆಲಸ ಬಲ್ಲ ಮೊಬೈಲ್ ರಿಪೇರಿಯವರ ಕೈಯಲ್ಲಿ ಇದು ಸರಿಹೋಗುತ್ತದೆ.

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪುಗಳಲ್ಲಿ, ಅದರಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ, ಮುಂಭಾಗದ ಪೋರ್ಟುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಅವು ಮದರ್‌ಬೋರ್ಡಿಗೆ ನೇರವಾಗಿ ಬೆಸೆದಿರುವುದಿಲ್ಲ. ಕ್ಯಾಬಿನೆಟ್ಟಿನಿಂದ ಒಂದು ತೆಳು ಕೇಬಲ್ ಬಂದು ಬೋರ್ಡಿನ ಸೂಜಿಗಳ ಮೇಲೆ ಕೂತಿರುತ್ತದೆ. ಅದು ಸಡಿಲವಾಗಿರಬಹುದು, ಹಾಕಿಯೇ ಇಲ್ಲದಿರಬಹುದು. ಹಿಂಭಾಗದ ಪೋರ್ಟುಗಳು ಬೋರ್ಡಿನ ಮೇಲೇ ಇರುತ್ತವೆ, ವಿದ್ಯುತ್ತೂ ಅಲ್ಲಿ ಸ್ಥಿರ. ಯಾವುದೇ ಪರೀಕ್ಷೆಯನ್ನು ಹಿಂದಿನ ಪೋರ್ಟಿನಲ್ಲಿ ಮಾಡಿ, ಆಮೇಲೆ ತೀರ್ಮಾನಕ್ಕೆ ಬನ್ನಿ. ಕಂಪ್ಯೂಟರ್ ಶುರುವಾಗುವಾಗಲೇ 'ಓವರ್ ಕರೆಂಟ್' ಎಂಬ ಎಚ್ಚರಿಕೆ ತೋರಿಸಿ 15 ಸೆಕೆಂಡಿನಲ್ಲಿ ತಾನಾಗಿ ಆಫ್ ಆದರೆ, ಯಾವುದೋ ಪೋರ್ಟಿನ ಪಟ್ಟಿಗಳು ಬಾಗಿ ಒಂದಕ್ಕೊಂದು ತಾಗಿರುವ ಶಂಕೆ. ಹಾಕಿದ್ದನ್ನೆಲ್ಲ ಕಿತ್ತು, ಮುಂದಿನ ಪೋರ್ಟಿನ ಕೇಬಲ್ಲನ್ನೂ ಬಿಡಿಸಿ ನೋಡಬೇಕು.

ನೀಲಿ ಬಣ್ಣದ ನಾಲಿಗೆಯಿದ್ದರೆ ಅದು ಸಾಮಾನ್ಯವಾಗಿ ಮೂರನೆಯ ಆವೃತ್ತಿಯ ಪೋರ್ಟು. ಅದರೊಳಗೆ ಹಳೆಯ ನಾಲ್ಕರ ಜೊತೆ ಇನ್ನೂ ಐದು ಪಟ್ಟಿಗಳಿರುತ್ತವೆ. ಡ್ರೈವನ್ನು ಅರ್ಧಂಬರ್ಧ, ನಿಧಾನಕ್ಕೆ ತಳ್ಳಿದರೆ ಹಳೆಯ ನಾಲ್ಕು ಮಾತ್ರ ಮುಟ್ಟಿ ಡ್ರೈವ್ ಹಳೆಯ ವೇಗಕ್ಕೆ ಇಳಿಯುತ್ತದೆ. ನೇರವಾಗಿ, ಪೂರ್ತಿಯಾಗಿ ಹಾಕಿ. ನೀಲಿಯಲ್ಲಿ ತಗೊಳ್ಳದ ಹಳೆಯ ಡ್ರೈವ್ ಕಪ್ಪು ಅಥವಾ ಬಿಳಿಯ ಪೋರ್ಟಿನಲ್ಲಿ ತಗೊಳ್ಳುವುದೂ ಉಂಟು.

ವಿದ್ಯುತ್ತಿನ ತಕರಾರು

ಹಳೆಯ ಪೋರ್ಟು ಕೊಡಬಲ್ಲದ್ದು 500 ಮಿಲಿ ಆಂಪಿಯರ್, ಮೂರನೆಯ ಆವೃತ್ತಿಯದು 900. ಪೆನ್ ಡ್ರೈವಿಗೆ ಇದು ಧಾರಾಳ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಗಲ್ಲ. ಅದರೊಳಗಿನ ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ ಹೆಚ್ಚು ವಿದ್ಯುತ್ ಬೇಕು. ಸಿಗದಿದ್ದರೆ ತಿರುಗಿ, ನಿಂತು, ಮತ್ತೆ ತಿರುಗಿ ನಿಲ್ಲುತ್ತದೆ. ಪರದೆಯ ಮೇಲೆ ಬಂದು ಹೋಗಿ ಮಾಡುತ್ತದೆ. ಒಂದು ಪೋರ್ಟನ್ನು ಹಲವಾಗಿಸುವ ಹಬ್ ನಡುವೆ ಇದ್ದರೆ ಅದನ್ನು ತೆಗೆದು ನೇರವಾಗಿ ಹಿಂದಿನ ಪೋರ್ಟಿಗೆ ಹಾಕಿ, ಡಿಸ್ಕಿನ ಜೊತೆ ಬಂದ ಗಿಡ್ಡ ಕೇಬಲ್ಲನ್ನೇ ಬಳಸಿ. ಇಷ್ಟರಲ್ಲೇ ಅರ್ಧ ತಕರಾರುಗಳು ಮುಗಿಯುತ್ತವೆ. ಆದರೆ ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುವ ಸದ್ದು ಬಂದರೆ, ಅಥವಾ ಡಿಸ್ಕ್ ಇತ್ತೀಚೆಗೆ ಕೆಳಗೆ ಬಿದ್ದಿದ್ದರೆ, ಕೂಡಲೇ ಕಿತ್ತುಬಿಡಿ. ಓದುವ ತಲೆ ತಟ್ಟೆಯನ್ನು ಕೆರೆಯುತ್ತಿರಬಹುದು, ಇನ್ನೊಮ್ಮೆ ಹಾಕಿ ನೋಡೋಣ ಎಂದಷ್ಟೂ ಫೈಲುಗಳು ನಾಶವಾಗುತ್ತವೆ.

ಇನ್ನೊಂದು ವಿಚಾರ ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಹಾಗಿದ್ದರೆ ಅರ್ತ್ ಸರಿಯಿಲ್ಲ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಅಡಾಪ್ಟರ್ ಇಟ್ಟು ಸಿಕ್ಕಿಸಲಾಗಿದೆ. ಒಣಗಿದ ನೆಲದಲ್ಲಿ ವಿದ್ಯುತ್ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದಲೇ ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕುವ ಅಭ್ಯಾಸ ಬಂದಿರುವುದು, ಅದನ್ನು ಬಿಡಬಾರದು. ಅರ್ತ್ ಇಲ್ಲದ ಯಂತ್ರಕ್ಕೆ ಪ್ರಿಂಟರ್, ಹಾರ್ಡ್ ಡಿಸ್ಕ್, ಬೆರಳ ಗುರುತು ಓದುವ ಯಂತ್ರ ಎಲ್ಲ ಹಾಕಿದಾಗ ಪೋರ್ಟುಗಳು ಕಾರಣವಿಲ್ಲದಂತೆ ಬಿಟ್ಟು ಬಿಟ್ಟು ಕೆಲಸ ಮಾಡುತ್ತವೆ, ಕೆಲವೊಮ್ಮೆ ಸುಟ್ಟೂ ಹೋಗುತ್ತವೆ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯ ಹೊತ್ತಿಗೆ ಪ್ಲಗ್ಗಿನ ಜೊತೆ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡುವುದು ಒಳ್ಳೆಯದು. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ಪೋರ್ಟುಗಳೂ ಒಟ್ಟಿಗೆ ಸತ್ತಂತಾದರೆ ಗಾಬರಿ ಬೇಡ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಬರಿದಾಗುತ್ತದೆ. ಮತ್ತೆ ಪ್ಲಗ್ ಹಾಕಿ ಚಾಲು ಮಾಡಿದಾಗ ಬಹಳ ಸಲ ಪೋರ್ಟುಗಳು ಎದ್ದು ಕೂರುತ್ತವೆ.

ವಿಂಡೋಸಿನೊಳಗೆ ಹುಡುಕುವುದು

ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದು ಇದಕ್ಕೆ ಸಮನಲ್ಲ. ವಿಂಡೋಸ್ 10 ಮತ್ತು 11ರಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಉಳಿಸಿಕೊಂಡು ಮಲಗುತ್ತದೆ. ಕೆಟ್ಟ ಸ್ಥಿತಿಯೂ ಹಾಗೇ ಉಳಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಎಲ್ಲ ಹೊಸದಾಗಿ ಶುರು.

ಅದರಿಂದ ಆಗದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ. ಬರುವ ಪಟ್ಟಿಯಲ್ಲಿ ನಮಗೆ ಬೇಕಾದವು ಎರಡು: ಡಿವೈಸ್ ಮ್ಯಾನೇಜರ್ ಮತ್ತು ಡಿಸ್ಕ್ ಮ್ಯಾನೇಜ್‌ಮೆಂಟ್. ಮೊದಲನೆಯದನ್ನು ತೆರೆದಿಟ್ಟು ಡ್ರೈವನ್ನು ಹಾಕಿ, ತೆಗೆದು ಮಾಡಿ. ಹಾಕಿದಾಗ ಪಟ್ಟಿ ಒಮ್ಮೆ ಕದಲಿದರೆ ಕಂಪ್ಯೂಟರ್ ಅದನ್ನು ಗಮನಿಸುತ್ತಿದೆ ಎಂದರ್ಥ. 'ಅನ್‌ನೋನ್ ಯುಎಸ್‌ಬಿ ಡಿವೈಸ್' ಎಂದು ಹಳದಿ ತ್ರಿಕೋನದ ಜೊತೆ ಬಂದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಕೋಡ್ ಎಷ್ಟೆಂದು ನೋಡಿ. 43 ಎಂದಿದ್ದರೆ 'ನೀನು ಯಾರು' ಎಂಬ ಪ್ರಶ್ನೆಗೆ ಡ್ರೈವಿನಿಂದ ಸರಿಯುತ್ತರ ಬಂದಿಲ್ಲ. ಬೇರೆ ಪೋರ್ಟು, ಬೇರೆ ಕಂಪ್ಯೂಟರಿನಲ್ಲೂ ಅದೇ ಬಂದರೆ ಡ್ರೈವಿನ ಚಿಪ್ ಕೆಟ್ಟಿರುವ ಸಾಧ್ಯತೆ ಹೆಚ್ಚು. 28 ಎಂದಿದ್ದರೆ ಡ್ರೈವರ್ ಇಲ್ಲ. 22 ಎಂದಿದ್ದರೆ ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ, ರೈಟ್ ಕ್ಲಿಕ್ ಮಾಡಿ 'ಎನೇಬಲ್' ಒತ್ತಿದರೆ ಸಾಕು.

ಹಳದಿ ತ್ರಿಕೋನದ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಅನ್‌ಇನ್‌ಸ್ಟಾಲ್ ಡಿವೈಸ್' ಒತ್ತಿ, ಡ್ರೈವ್ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ಇದರಿಂದ ಡ್ರೈವಿನೊಳಗಿನ ಫೈಲಿಗೆ ಏನೂ ಆಗುವುದಿಲ್ಲ. ಅಳಿಯುವುದು ವಿಂಡೋಸ್ ಅದರ ಬಗ್ಗೆ ಬರೆದಿಟ್ಟುಕೊಂಡ ಹಳೆಯ ಟಿಪ್ಪಣಿ ಮಾತ್ರ. ಎಲ್ಲ ಪೋರ್ಟುಗಳಲ್ಲೂ ತೊಂದರೆ ಇದ್ದರೆ ಪಟ್ಟಿಯ ಕೊನೆಯ 'ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್' ವಿಭಾಗದ 'ಹೋಸ್ಟ್ ಕಂಟ್ರೋಲರ್'ಗಳಿಗೂ ಇದೇ ಉಪಚಾರ ಮಾಡುವುದುಂಟು. ಆಗ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸ್ತಬ್ಧವಾಗುತ್ತವೆ. ತೆರೆದಿದ್ದ ಕೆಲಸವನ್ನೆಲ್ಲ ಮೊದಲೇ ಸೇವ್ ಮಾಡಿಟ್ಟಿರಿ. ಪವರ್ ಬಟನ್ನಿನಿಂದ ಆಫ್ ಮಾಡಿ ಆನ್ ಮಾಡಿದರೆ ಮರಳಿ ಬರುತ್ತವೆ.

ಅದೇ ವಿಭಾಗದಲ್ಲಿ 'ಯುಎಸ್‌ಬಿ ರೂಟ್ ಹಬ್' ಎಂಬ ಸಾಲುಗಳಿವೆ. ಅವುಗಳ ಪ್ರಾಪರ್ಟೀಸಿನಲ್ಲಿ 'ಪವರ್ ಮ್ಯಾನೇಜ್‌ಮೆಂಟ್' ತೆರೆದು, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬರ್ಥದ ಟಿಕ್ ತೆಗೆಯಿರಿ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದ ಮೇಲೆ ಡ್ರೈವ್ ಕಾಣದಿರುವುದಕ್ಕೆ ಬಹುಪಾಲು ಕಾರಣ ಈ ಟಿಕ್ಕೇ.

ಬೋರ್ಡಿನ ದೋಷವೋ ವಿಂಡೋಸಿನ ದೋಷವೋ ಎಂಬ ಗೊಂದಲ ಉಳಿದರೆ ಯುಎಸ್‌ಬಿ ಕೀಬೋರ್ಡನ್ನು ಆ ಪೋರ್ಟಿಗೆ ಹಾಕಿ, ಕಂಪ್ಯೂಟರ್ ಶುರುವಾಗುವಾಗ ಸಿಗುವ ಬಯೋಸ್ ಪರದೆ ತೆರೆಯಿರಿ. ಅಲ್ಲಿ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಅಲ್ಲಿ ಕೀಬೋರ್ಡ್ ಓಡಿ, ವಿಂಡೋಸಿಗೆ ಬಂದಾಗ ನಿಂತರೆ ಪೋರ್ಟು ಚೆನ್ನಾಗಿದೆ. ಹೊಸ ಬೋರ್ಡಿಗೆ ಹಳೆಯ ವಿಂಡೋಸ್ 7 ಹಾಕಿಸಿಕೊಂಡವರಿಗೆ ಇದೇ ಅನುಭವ ಆಗುತ್ತದೆ, ಏಕೆಂದರೆ ಮೂರನೆಯ ಆವೃತ್ತಿಯ ಪೋರ್ಟಿನ ಡ್ರೈವರ್ ಅದರಲ್ಲಿ ಹುಟ್ಟಿನಿಂದ ಇಲ್ಲ. ಬೋರ್ಡ್ ಕಂಪನಿಯ ಡ್ರೈವರ್ ಹಾಕಬೇಕು.

ಡಿಸ್ಕ್ ಮ್ಯಾನೇಜ್‌ಮೆಂಟ್ ಹೇಳುವ ಸತ್ಯ

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಉಪಯುಕ್ತ ಪರದೆ ಇದು. ಡ್ರೈವ್ 'ದಿಸ್ ಪಿಸಿ'ಯಲ್ಲಿ ಕಾಣದಿದ್ದರೂ ಇಲ್ಲಿ ಕಾಣಬಹುದು. ಕಾಣುವ ಬಗೆಯಿಂದಲೇ ಮುಂದಿನ ದಾರಿ ತಿಳಿಯುತ್ತದೆ.

ಡ್ರೈವಿದೆ, ನೀಲಿ ಪಟ್ಟಿಯಿದೆ, ಅಕ್ಷರ ಮಾತ್ರ ಇಲ್ಲವೇ? ಇದು ಎಲ್ಲಕ್ಕಿಂತ ಸುಲಭ. ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಚೇಂಜ್ ಡ್ರೈವ್ ಲೆಟರ್' ಆರಿಸಿ, ಬಳಕೆಯಲ್ಲಿಲ್ಲದ ಒಂದು ಅಕ್ಷರ ಕೊಡಿ. ಕೂಡಲೇ ತೆರೆಯುತ್ತದೆ.

'ನೋ ಮೀಡಿಯಾ' ಎಂದಿದ್ದರೆ, ಅಥವಾ ಗಾತ್ರ ಸೊನ್ನೆ ತೋರಿಸಿದರೆ, ಡ್ರೈವಿನ ನಿಯಂತ್ರಣ ಚಿಪ್ ಬದುಕಿದೆ, ಆದರೆ ಫೈಲುಗಳಿರುವ ಚಿಪ್ಪಿಗೂ ಅದಕ್ಕೂ ಸಂಪರ್ಕ ತಪ್ಪಿದೆ. ಮನೆಯಲ್ಲಿ ಇದಕ್ಕೆ ಉಪಾಯವಿಲ್ಲ. ಮೆಮೊರಿ ಕಾರ್ಡ್ ರೀಡರಿನಲ್ಲಿ ಕಾರ್ಡ್ ಇಲ್ಲದಾಗಲೂ ಹೀಗೇ ಬರುತ್ತದೆ, ಅದನ್ನೊಮ್ಮೆ ನೋಡಿಕೊಳ್ಳಿ.

'ರಾ' ಅಥವಾ 'ಅನ್‌ಅಲೊಕೇಟೆಡ್' ಎಂದಿದ್ದರೆ ಫೈಲುಗಳ ಪಟ್ಟಿ ಹಾಳಾಗಿದೆ, ಫೈಲುಗಳು ಬಹುಶಃ ಒಳಗೇ ಇವೆ. 'ಯು ನೀಡ್ ಟು ಫಾರ್ಮ್ಯಾಟ್ ದಿ ಡಿಸ್ಕ್' ಎಂಬ ಕಿಟಕಿ ಬರುವುದು ಇಲ್ಲೇ. ಕ್ಯಾನ್ಸಲ್ ಒತ್ತಿ. 'ಇನಿಶಿಯಲೈಸ್ ಡಿಸ್ಕ್' ಎಂದು ಕೇಳಿದರೂ ಕ್ಯಾನ್ಸಲ್ಲೇ. 'ಚೆಕ್ ಡಿಸ್ಕ್' ಓಡಿಸುವ ಸಲಹೆಯನ್ನೂ ಫೈಲುಗಳು ಕೈಗೆ ಬರುವ ತನಕ ಪಕ್ಕಕ್ಕಿಡಿ, ಅದು ಸರಿಪಡಿಸುವ ಹೆಸರಿನಲ್ಲಿ ಡ್ರೈವಿನ ಮೇಲೆ ಬರೆಯುತ್ತದೆ. ಈ ಹಂತದಲ್ಲಿ ಡ್ರೈವಿನಿಂದ ಓದಬೇಕು, ಅದರ ಮೇಲೆ ಏನನ್ನೂ ಬರೆಯಬಾರದು. ಇದಕ್ಕೆಂದೇ ಟೆಸ್ಟ್‌ಡಿಸ್ಕ್ ಮತ್ತು ಫೋಟೊರೆಕ್ ಎಂಬ ಜೋಡಿ ಸಾಫ್ಟ್‌ವೇರುಗಳಿವೆ, ಎರಡೂ ಉಚಿತ. ಮೊದಲನೆಯದು ಕಳೆದುಹೋದ ವಿಭಾಗವನ್ನು ಹುಡುಕುತ್ತದೆ. ಎರಡನೆಯದು ಫೈಲುಗಳ ಪಟ್ಟಿಯನ್ನೇ ನಂಬದೆ, ಫೋಟೊ ಶುರುವಾಗುವ ಗುರುತು, ವಿಡಿಯೊ ಶುರುವಾಗುವ ಗುರುತು ಇವನ್ನು ಹುಡುಕಿ ಒಂದೊಂದಾಗಿ ಎತ್ತಿ ತೆಗೆಯುತ್ತದೆ. ಫೈಲಿನ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ಎತ್ತಿದ್ದನ್ನು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಉಳಿಸಿ, ಅದೇ ಪೆನ್ ಡ್ರೈವಿಗೆ ಎಂದೂ ಉಳಿಸಬೇಡಿ.

ತೆರೆದರೂ ಖಾಲಿ, ತೆರೆದರೂ ಅರ್ಥವಾಗದು

ಹಲವು ಕೈ ದಾಟುವ ಪೆನ್ ಡ್ರೈವಿಗೆ ತಟ್ಟುವ ಪಿಡುಗು ಶಾರ್ಟ್‌ಕಟ್ ವೈರಸ್. ಡ್ರೈವ್ ತೆರೆಯುತ್ತದೆ, ಒಳಗೆ ಫೋಲ್ಡರಿನ ಜಾಗದಲ್ಲಿ ಪುಟ್ಟ ಬಾಣದ ಗುರುತಿನ ಶಾರ್ಟ್‌ಕಟ್ ಕೂತಿರುತ್ತದೆ, ಇಲ್ಲವೇ ಏನೂ ಕಾಣದು. ಪ್ರಾಪರ್ಟೀಸಿನಲ್ಲಿ ನೋಡಿದರೆ ಜಾಗ ಮಾತ್ರ ತುಂಬಿರುತ್ತದೆ. ಫೈಲುಗಳು ಎಲ್ಲೂ ಹೋಗಿಲ್ಲ, ಮರೆಯಾಗಿವೆ. ಶಾರ್ಟ್‌ಕಟ್ಟನ್ನು ಒತ್ತಬೇಡಿ, ವೈರಸ್ ಓಡುವುದು ಅದರಿಂದಲೇ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಟಿಕ್ ಮಾಡಿ. 'ಫೋಲ್ಡರ್ ಆಪ್ಷನ್ಸ್'ಗೆ ಹೋಗಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದರ ಟಿಕ್ ತೆಗೆಯಿರಿ. ಮಂಕು ಬಣ್ಣದಲ್ಲಿ ನಿಮ್ಮ ಫೋಲ್ಡರುಗಳು ಎದ್ದು ಬರುತ್ತವೆ. ನಿಮ್ಮ ದಾಖಲೆ, ಫೋಟೊಗಳನ್ನಷ್ಟೇ ಕಾಪಿ ಮಾಡಿಕೊಂಡು, ಆಂಟಿವೈರಸ್ ಓಡಿಸಿ, ಆಮೇಲೆ ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಬೇಕಾದ ಸರಿಯಾದ ಹೊತ್ತು ಇದು. ಅಂಗಡಿಯ ಕಂಪ್ಯೂಟರಿನಲ್ಲೇ ವೈರಸ್ ಉಳಿದಿದ್ದರೆ ಬರುವ ಎಲ್ಲ ಗಿರಾಕಿಗಳಿಗೂ ಅದು ಹರಡುತ್ತದೆ, ಆದ್ದರಿಂದ ಅಂಗಡಿಯವರ ಜವಾಬ್ದಾರಿ ಇಲ್ಲಿ ದೊಡ್ಡದು.

ಕನ್ನಡದಲ್ಲಿ ಡಿಟಿಪಿ ಮಾಡಿಸುವವರಿಗೆ ಇನ್ನೊಂದು ಗೊಂದಲ. ಆಮಂತ್ರಣ ಪತ್ರಿಕೆಯ ಫೈಲ್ ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಡ್ರೈವ್ ಕೆಟ್ಟಿತು ಎಂದು ಜನ ಮರಳಿ ಬರುತ್ತಾರೆ. ಡ್ರೈವೂ ಚೆನ್ನಾಗಿದೆ, ಫೈಲೂ ಚೆನ್ನಾಗಿದೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್ ಅಡಿಯಲ್ಲಿರುವುದನ್ನೇ ತೋರಿಸುತ್ತದೆ. ಆ ಫಾಂಟ್ ಹಾಕಿದರೆ ಸರಿಯಾಗುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿಸಿದರೆ, ಅಥವಾ ಪಿಡಿಎಫ್ ಕೇಳಿ ಪಡೆದರೆ ಈ ತಾಪತ್ರಯವೇ ಇರದು.

ಕಂಪ್ಯೂಟರಿನಲ್ಲಿ ಓಡುವ ಡ್ರೈವ್ ಟ್ರ್ಯಾಕ್ಟರಿನ ಟೇಪಿನಲ್ಲಿ, ಟಿವಿಯಲ್ಲಿ, ದೇವಸ್ಥಾನದ ಮೈಕ್ ಸೆಟ್ಟಿನಲ್ಲಿ ಓಡದಿದ್ದರೆ ಫೈಲುಗಳನ್ನು ಜೋಡಿಸಿರುವ ಕ್ರಮ ನೋಡಿ. ಅಂಥ ಯಂತ್ರಗಳಲ್ಲಿ ಹಲವು ಫ್ಯಾಟ್32 ಮಾತ್ರ ಬಲ್ಲವು, ಎನ್‌ಟಿಎಫ್‌ಎಸ್ ಅವಕ್ಕೆ ತಿಳಿಯದು. ಹಾಡಿಗೆ 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಡ್ರೈವನ್ನೇ ಕೊಂಡು ಫ್ಯಾಟ್32ರಲ್ಲಿ ಇಟ್ಟುಕೊಂಡರೆ ಎಲ್ಲ ಕಡೆ ನಡೆಯುತ್ತದೆ. ಆದರೆ ಇದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಜಾಗ ಖಾಲಿಯಿದ್ದರೂ ಮದುವೆಯ ದೊಡ್ಡ ವಿಡಿಯೊ ಕಾಪಿಯಾಗದೆ ನಿಲ್ಲುವುದು ಅದಕ್ಕೇ. ಅಂಥದ್ದಕ್ಕೆ ಎಕ್ಸ್‌ಫ್ಯಾಟ್ ಬೇಕು.

ಫೋನಿಗೆ ಹಾಕುವವರು ಎರಡು ಸಂಗತಿ ನೋಡಿಕೊಳ್ಳಿ. ಕೆಲವು ಕಂಪನಿಗಳ ಫೋನಿನಲ್ಲಿ, ಹೊರಗಿನ ಡ್ರೈವ್ ಓದಲು ಬೇಕಾದ ಒಟಿಜಿ ಎಂಬುದನ್ನು ಸೆಟ್ಟಿಂಗ್ಸಿನಲ್ಲಿ ಪ್ರತಿ ಸಲ ಆನ್ ಮಾಡಬೇಕು, ಸುಮ್ಮನೆ ಬಿಟ್ಟರೆ ತಾನಾಗಿ ಆಫ್ ಆಗುತ್ತದೆ. ಇನ್ನು ಫೋನನ್ನು ಕಂಪ್ಯೂಟರಿಗೆ ಹಾಕಿದಾಗ ಚಾರ್ಜ್ ಮಾತ್ರ ಆಗುತ್ತಿದ್ದರೆ ಫೋನಿನ ಪರದೆಯಲ್ಲಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಆಗಲೂ ಆಗದಿದ್ದರೆ ಕೇಬಲ್ ಬದಲಿಸಿ, ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ.

ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ನಿಮ್ಮ ಡ್ರೈವ್ ತಗೊಳ್ಳದಿದ್ದರೆ ಅದು ದೋಷವಾಗಿರಬೇಕಿಲ್ಲ. ಇಂಥ ಕಡೆ ಹೊರಗಿನ ಡ್ರೈವುಗಳನ್ನು ಬೇಕೆಂದೇ ನಿರ್ಬಂಧಿಸಿರುತ್ತಾರೆ. ಮೌಸ್, ಪ್ರಿಂಟರ್ ಓಡುತ್ತವೆ, ಡ್ರೈವ್ ಮಾತ್ರ ಕಾಣದು. ಆ ನಿರ್ಬಂಧ ಸರಿಯಾದದ್ದೇ, ಸಿಬ್ಬಂದಿಯನ್ನು ಒತ್ತಾಯಿಸಬೇಡಿ. ಇಮೇಲ್ ಮಾಡಬಹುದೇ ಎಂದು ಮೊದಲೇ ಕೇಳಿ, ಇಲ್ಲವೇ ಪ್ರಿಂಟ್ ತೆಗೆಸಿಕೊಂಡೇ ಹೋಗಿ.

ಕೊಳ್ಳುವಾಗ, ಕಳಿಸುವಾಗ

ಕೆಲವು ನೂರು ರೂಪಾಯಿಗೆ '2 ಟಿಬಿ' ಎಂದು ಮಾರುವ ಪೆನ್ ಡ್ರೈವುಗಳನ್ನು ಕೊಳ್ಳಬೇಡಿ. ಒಳಗೆ ಸಣ್ಣ ಚಿಪ್ ಇಟ್ಟು ದೊಡ್ಡ ಗಾತ್ರ ತೋರಿಸುವಂತೆ ತಿದ್ದಿರುತ್ತಾರೆ. ಮೊದಲ ಕೆಲವು ಫೈಲುಗಳು ಚೆನ್ನಾಗೇ ತೆರೆಯುತ್ತವೆ. ನಿಜವಾದ ಗಾತ್ರ ದಾಟಿದ ಮೇಲೆ ಹಾಕಿದ್ದೆಲ್ಲ ನಷ್ಟ. ಹೊಸ ಡ್ರೈವ್ ತಂದ ಕೂಡಲೇ, ಏನೂ ತುಂಬುವ ಮುಂಚೆ, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರಿನಿಂದ ಪೂರ್ತಿ ಬರೆಸಿ, ಮತ್ತೆ ಓದಿಸಿ ನೋಡಿ. ಲಿನಕ್ಸ್ ಬಳಸುವವರಿಗೆ ಎಫ್3 ಇದೆ. ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಚ್ಚಿ ಮಲಗಿದರಾಯಿತು.

ಕಾಪಿ ನಡೆಯುವಾಗ ಡ್ರೈವ್ ಕೀಳಬೇಡಿ. 2018ರ ಕೊನೆಯ ವಿಂಡೋಸ್ 10 ಅಪ್‌ಡೇಟಿನಿಂದ ಈಚೆಗೆ ಸುಮ್ಮನಿರುವ ಪೆನ್ ಡ್ರೈವನ್ನು ನೇರವಾಗಿ ತೆಗೆಯಬಹುದಾದ ವ್ಯವಸ್ಥೆಯೇ ಮೂಲದಲ್ಲಿದೆ, ಆದರೂ ದೊಡ್ಡ ಹಾರ್ಡ್ ಡಿಸ್ಕಿಗೆ 'ಇಜೆಕ್ಟ್' ಕೊಟ್ಟು ತೆಗೆಯುವುದೇ ಕ್ಷೇಮ. ತತ್ವಪದದ ಧ್ವನಿಮುದ್ರಣ, ಜಮೀನಿನ ದಾಖಲೆಯಂಥವು ಪೆನ್ ಡ್ರೈವ್ ಒಂದರಲ್ಲೇ ಇರಬಾರದು. ಒಂದು ಪ್ರತಿ ಕಂಪ್ಯೂಟರಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ ಇರಲಿ, ಇನ್ನೊಂದು ಬೇರೆ ಮನೆಯಲ್ಲೋ ಇಂಟರ್‌ನೆಟ್ಟಿನ ಖಾತೆಯಲ್ಲೋ ಇರಲಿ.

ಇಷ್ಟೆಲ್ಲ ಮಾಡಿಯೂ ತೆರೆಯದ, ಆದರೆ ಒಳಗಿನದು ಬೇಕೇ ಬೇಕಾದ ಡ್ರೈವನ್ನು ಡೇಟಾ ರಿಕವರಿ ಮಾಡುವವರಿಗೆ ಒಪ್ಪಿಸಬೇಕು. ಅಂಥ ಅಂಗಡಿಗಳು ಬೆಂಗಳೂರಿನಲ್ಲಿವೆ. ಹೋಗುವ ಮುಂಚೆ ಮತ್ತೆ ಮತ್ತೆ ಹಾಕಿ ನೋಡುವುದನ್ನು ನಿಲ್ಲಿಸಿ. ಯಾವಾಗ ಕೊನೆಯ ಸಲ ತೆರೆದಿತ್ತು, ಬಿದ್ದಿತ್ತೇ, ನೀರು ತಾಗಿತ್ತೇ, ಯಾವ ಕೋಡ್ ಬಂತು, ಯಾವ ಸಾಫ್ಟ್‌ವೇರ್ ಓಡಿಸಿದಿರಿ, ಯಾವ ಫೈಲುಗಳು ಮುಖ್ಯವಾಗಿ ಬೇಕು ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಡ್ರೈವಿನ ಜೊತೆ ಕೊಡಿ. ಕೆಲಸ ಶುರುಮಾಡುವ ಮುಂಚೆ ಅಂದಾಜು ಖರ್ಚು ಕೇಳಿ. ಫೈಲು ಸಿಗದಿದ್ದರೆ ಎಷ್ಟು ಕೊಡಬೇಕು ಎಂಬುದನ್ನೂ ಆಗಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಸಿಕ್ಕ ಫೈಲುಗಳನ್ನು ಹೊಸ ಡ್ರೈವಿಗೆ ಹಾಕಿಸಿ, ಹಣ ಕೊಡುವ ಮುಂಚೆ ಅಲ್ಲೇ ತೆರೆದು ನೋಡಿ.